ಪಳಗು

‘ಪಳಗು’ ಎಂದರೆ ರೂಢಿಯಿಂದ ಕೆಲಸ ಕೈಗೆ ಹತ್ತುವುದು. ತೋಟದ ನೆರಳಿನ ಮರಗಳ ಕೊಂಬೆ ಸವರುವ ‘ಮರಗಸಿಯಲ್ಲಿ ಪಳಗಿದ ಆಳು’ ಎನ್ನುತ್ತೇವಲ್ಲ, ಹಾಗೆ. ಒಡನಾಟದಿಂದ ಹೊಂದಿಕೊಳ್ಳುವುದಕ್ಕೂ ಇದೇ ಪದ. ಕಾಡಾನೆ ಹಿಡಿಯಲು ಸಕಲೇಶಪುರ, ಆಲೂರಿನ ಕಡೆಗೆ ಬರುವ ಸಾಕಾನೆಗಳನ್ನು ಕಂಡವರಿಗೆ ಆ ಅರ್ಥ ಬಿಡಿಸಿ ಹೇಳಬೇಕಿಲ್ಲ. ನುರಿತವನಾಗುವುದು, ಒಗ್ಗಿಕೊಳ್ಳುವುದು ಎರಡನ್ನೂ ಕನ್ನಡ ಒಂದೇ ಮಾತಿನಲ್ಲಿ ಇಟ್ಟಿದೆ. ನೌಕರರ ‘ನಿಷ್ಠೆ’ಯ ಬಗ್ಗೆ ಮಾತಾಡುವವರು ಈ ಪದವನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ ನನಗೆ.

ಮೂಡಿಗೆರೆ ಕಡೆಯ ಕಾಫಿ ತೋಟ. ಕೊಯ್ಲು ಮುಗಿದಿದೆ, ಗಿಡಗಸಿ, ಅಂದರೆ ಕಾಫಿ ಗಿಡದ ರೆಂಬೆ ಸವರುವ ಕೆಲಸ ನಡೆದಿದೆ. ಹೊಸ ಹುಡುಗ ಕತ್ತರಿ ಹಿಡಿದು ಕಂಡದ್ದನ್ನೆಲ್ಲ ಸವರುತ್ತಿದ್ದಾನೆ. ಮೇಸ್ತ್ರಿ ಬಂದು ಅವನ ಮಣಿಕಟ್ಟು ಹಿಡಿಯುತ್ತಾರೆ: “ತಡಿ ಮಾರಾಯ, ಮುಂದಿನ ವರ್ಷದ ಹಣ್ಣು ಈ ರೆಂಬೇಲೇ ಬರೋದು. ಒಣಗಿದ್ದು, ಒಳಗೆ ತಿರುಗಿದ್ದು ಮಾತ್ರ ತೆಗಿ.” ಹುಡುಗ ಕತ್ತರಿಸಿದ್ದು ಸರಿಯೋ ತಪ್ಪೋ ಅವತ್ತೇ ಗೊತ್ತಾಗುವುದಿಲ್ಲ. ಮಳೆಗಾಲ ಕಳೆಯಬೇಕು, ಮತ್ತೆ ಕಾಫಿ ಹೂ ಅರಳಿಸುವ ಹೂಮಳೆ ಬಂದು ತೋಟ ಬೆಳ್ಳಗಾಗಬೇಕು. ತನ್ನ ಕೈಕೆಲಸದ ಫಲ ನೋಡಬೇಕೆಂಬ ಆಸೆಗೇ ಅವನು ಇನ್ನೊಂದು ವರ್ಷ ನಿಂತರೆ ಆಶ್ಚರ್ಯವಿಲ್ಲ.

ಹಿಂದೆ ಆಳುಗಳನ್ನು ತೋಟಕ್ಕೆ ಕಟ್ಟಿಹಾಕಿದ್ದು ಲೈನ್ ಮನೆ (ತೋಟದವರು ಕೊಡುವ ಸಾಲುಮನೆ), ಮುಂಗಡದ ಸಾಲ. ಮನೆ ಒದಗಿಸಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಆದರೆ ಸಾಲಕ್ಕೆ ಸಿಕ್ಕಿ ಉಳಿದವರನ್ನು ಪಳಗಿದವರು ಎನ್ನಲು ಬಾಯಿ ಬರುವುದಿಲ್ಲ. ಅದು ಬರೀ ನಿರುಪಾಯ.

ಒಣಗಿದ ಚೆರ್ರಿಯನ್ನು, ಅಂದರೆ ಕಾಫಿ ಹಣ್ಣನ್ನು, ಅಜ್ಜ ಮುಷ್ಟಿಯಲ್ಲಿ ಕುಲುಕಿ, ಸದ್ದು ಕೇಳಿಯೇ ಹದ ಹೇಳುತ್ತಿದ್ದರು. ಮೊಮ್ಮಗಳು ತೇವ ಅಳೆಯುವ ಮೀಟರಿನಲ್ಲಿ ಶೇ 10.5 ನೋಡುತ್ತಾಳೆ. ಕೆಲಸಕ್ಕೆ ಸೇರುವ ಮೊದಲೇ “ಇಲ್ಲಿ ಏನು ಕಲಿಸ್ತೀರಿ?” ಎಂದು ಕೇಳುತ್ತಾಳೆ. ಈ ಪ್ರಶ್ನೆಯನ್ನು ಸೊಕ್ಕು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಹಾಸನದಲ್ಲಿ ನನ್ನ ಮೊದಲ ಕೆಲಸದಲ್ಲಿ ಮೂರು ವರ್ಷ ಒಂದೇ ಲೆಡ್ಜರ್ ಬರೆದೆ. “ಕಲಿಸಿದ್ರೆ ಹಾರಿ ಹೋಗ್ತಾರೆ” ಎಂದು ಮೇಲಿನವರು ಏನನ್ನೂ ಕಲಿಸಲಿಲ್ಲ. ಕಲಿಸದಿದ್ದಕ್ಕೇ ನಾನು ಬಿಟ್ಟೆ.

ವ್ಯಾಕರಣದಲ್ಲೂ ಈ ಕಲಿಸುವ ಕೆಲಸಕ್ಕೆ ಜಾಗವಿದೆ. ‘ಪಳಗು’ವಿಗೆ ‘ಇಸು’ ಸೇರಿದರೆ ‘ಪಳಗಿಸು’, ಅಂದರೆ ಕೆಲಸ ಕೊಟ್ಟವರ ಪಾಲು. ಬಳಸುವಾಗ ಮಾತ್ರ ಎಚ್ಚರ ಬೇಕು. ‘ಅವಳನ್ನು ಪಳಗಿಸಿದರು’ ಎಂದರೆ ಮೂಗುದಾರ ಹಾಕಿದಂತೆ ಕೇಳುತ್ತದೆ. ‘ಅವಳ ಕೈ ಪಳಗಿಸಿದರು’ ಎಂದರೆ ಕಸುಬು ಕಲಿಸಿದರು ಎಂದರ್ಥ.