ಇಸ್ರೇಲಿನವರು ಕಡಲ ನೀರನ್ನು ಕುದಿಸಿ ಕುಡಿಯುತ್ತಾರೆಯೇ?

ಪ್ರಶ್ನೆ: ಇಸ್ರೇಲಿನಂಥ ಒಣ ದೇಶ ಕಡಲ ನೀರನ್ನೇ ಸಿಹಿನೀರು ಮಾಡಿಕೊಳ್ಳುತ್ತದಂತೆ. ಅಷ್ಟೊಂದು ನೀರು ಕುದಿಸಲು ಇಂಧನ ಎಲ್ಲಿಂದ ತರುತ್ತಾರೆ?

ಬಾವಿಯ ತಳ ಕಾಣತೊಡಗಿದೊಡನೆ ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಬೇಸಿಗೆಯಲ್ಲೂ ಬರೆದದ್ದನ್ನೇ ಮತ್ತೆ ಬರೆಯುತ್ತೇನೆ: ಅಲ್ಲಿ ಯಾರೂ ನೀರು ಕುದಿಸುತ್ತಿಲ್ಲ.

ಕುದಿಸುವುದಾಗಿದ್ದರೆ ಲೆಕ್ಕವೇ ಕೂಡುತ್ತಿರಲಿಲ್ಲ. ಸಾವಿರ ಲೀಟರ್ ನೀರು ಪೂರ್ತಿ ಆವಿಯಾಗಲು 600 ಯೂನಿಟ್ ವಿದ್ಯುತ್ತಿಗೂ ಮಿಗಿಲಾದ ಶಾಖ ಬೇಕು. ತೈಲವಿದ್ದ ಕೊಲ್ಲಿ ರಾಷ್ಟ್ರಗಳು ಆವಿಯ ಶಾಖವನ್ನೇ ಮತ್ತೆ ಮತ್ತೆ ಬಳಸಿ ಆ ಹೊರೆಯನ್ನು ತಗ್ಗಿಸಿಕೊಂಡವು. ಕುದಿಸುವ ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು. 2005ರಲ್ಲಿ ಅಶ್ಕೆಲೋನ್, 2013ರಲ್ಲಿ ಸೊರೆಕ್‌ನಲ್ಲಿ ಇಸ್ರೇಲ್ ಆರಂಭಿಸಿದಂಥ ಘಟಕಗಳಿಗೆ ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ಸಾಕು.

ಅದು ಹೇಗೆಂದು ತಿಳಿಯಲು ನಮ್ಮ ಅಪ್ಪೆಮಿಡಿಯ ಭರಣಿಯನ್ನೇ ನೋಡಿ. ಮಿಡಿಗೆ ಕಲ್ಲುಪ್ಪು ಬೆರೆಸಿ ಬಾಯಿ ಕಟ್ಟಿಟ್ಟರೆ, ಹನಿ ನೀರು ಹಾಕದಿದ್ದರೂ, ಕೆಲವೇ ದಿನಗಳಲ್ಲಿ ಮಿಡಿಗಳು ಸುಕ್ಕುಗಟ್ಟಿ ಭರಣಿಯಲ್ಲಿ ಉಪ್ಪುನೀರು ನಿಂತಿರುತ್ತದೆ, ಏಕೆಂದರೆ ಮಿಡಿಯೊಳಗಿನ ನೀರು ಉಪ್ಪಿರುವ ಕಡೆಗೆ ತಾನಾಗಿ ಹೊರಟು ಬಂದಿದೆ. ಘಟಕದಲ್ಲಿ ಇದೇ ಓಟವನ್ನು ಹಿಂದುಮುಂದಾಗಿಸುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರನ್ನು ತೆಳುವಾದ ಪೊರೆಯ ಒಂದು ಮಗ್ಗುಲಿಗೆ ಬಿಟ್ಟು, 600 ಮೀಟರ್ ಎತ್ತರದ ನೀರಿನ ಕಂಬದ ಬುಡದಲ್ಲಿರುವಷ್ಟು, ಅಂದರೆ 253 ಮೀಟರಿನ ಜೋಗವನ್ನು ಎರಡು ಸಲ ಪೇರಿಸಿದರೂ ಸಾಲದಷ್ಟು ಒತ್ತಡ ಹಾಕುತ್ತಾರೆ. ನೀರು ಪೊರೆ ದಾಟುತ್ತದೆ, ಉಪ್ಪು ಬಹುಪಾಲು ಈಚೆಯೇ ಉಳಿಯುತ್ತದೆ. ಸಿಹಿನೀರಾಗುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ಹೆಚ್ಚುಕಡಿಮೆ ಇಮ್ಮಡಿ ಉಪ್ಪಾಗಿ ಕಡಲಿಗೆ ಮರಳುತ್ತದೆ. ಇಡೀ ಕೆಲಸ ಪಂಪಿನದು, ಒಲೆಯದಲ್ಲ. ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ನಡೆಯುವುದೂ ಇದೇ.

ಯಾರೂ ಕೇಳಿಲ್ಲವಾದರೂ ಇನ್ನೊಂದು ಮಾತನ್ನು ಹೇಳಿಬಿಡುತ್ತೇನೆ. ಮಿಂಜೂರಿನ ಘಟಕದಿಂದ 2010ರಿಂದ ನೀರು ಪಡೆಯುತ್ತಿರುವ ಚೆನ್ನೈ ಕಡಲ ದಂಡೆಯಲ್ಲೇ ಇದೆ. ಶಿವಮೊಗ್ಗ ಇರುವುದು ಕಡಲಿಗಿಂತ ಸುಮಾರು 570 ಮೀಟರ್ ಮೇಲೆ. ಮಂಗಳೂರಿನಲ್ಲಿ ಸಿಹಿಯಾದ ಸಾವಿರ ಲೀಟರನ್ನು ಇಲ್ಲಿಗೆ ಎತ್ತಲು ಪಂಪಿನ ನಷ್ಟ ಸೇರಿ ಇನ್ನೂ ಎರಡು ಯೂನಿಟ್ ಬೇಕು. ಅದೇ ಅರಬ್ಬೀ ಸಮುದ್ರದ ನೀರನ್ನು ಬಿಸಿಲು ಆವಿಯಾಗಿಸುತ್ತದೆ, ಮುಂಗಾರಿನ ಗಾಳಿ ಘಟ್ಟ ಹತ್ತಿಸುತ್ತದೆ; ಆಗುಂಬೆಯೊಂದರಲ್ಲೇ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಒಂದು ಯೂನಿಟ್ ವಿದ್ಯುತ್ತೂ ಇಲ್ಲದೆ.