ಟ್ರಯಲ್‌ಗೆ ದುಡ್ಡು ಕೇಳಿದರೆ ಎದ್ದು ಬನ್ನಿ

ಪಾಂಡವಪುರ ಕಡೆಯ ಯಜಮಾನರೊಬ್ಬರು ಹೋದ ವಾರ ಮಗನ ಜೊತೆ ಮೈಸೂರಿನ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮೂವತ್ತು ವರ್ಷ ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕಿದವರು, ಜೊತೆಗೆ ಬೀಡಿ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಈಗ ಬಚ್ಚಲುಮನೆಗೆ ಹೋಗಿ ಬರುವಷ್ಟರಲ್ಲಿ ದಮ್ಮು ಕಟ್ಟುತ್ತದೆ.

ಮಗ ಮೊಬೈಲ್ ಮುಂದಿಟ್ಟ. "ಸಾರ್, ಸ್ಟೆಮ್ ಸೆಲ್ ಹಾಕಿದ್ರೆ ಶ್ವಾಸಕೋಶ ಹೊಸದಾಗುತ್ತಂತೆ. ಟ್ರಯಲ್ ಅಂತೆ, ಮೂರೂವರೆ ಲಕ್ಷ. ಅರ್ಧ ಎಕರೆ ಮಾರೋಣ ಅಂತಿದೀವಿ."

ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ. ಟ್ರಯಲ್ ಅಂದರೆ ಚಿಕಿತ್ಸೆ ಅಲ್ಲ. ಔಷಧ ಕೆಲಸ ಮಾಡುತ್ತೋ ಇಲ್ವೋ ಅಂತ ನೋಡುವುದಷ್ಟೇ. ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹೇರಬಾರದು ಅನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮ. ಸಿಒಪಿಡಿಗೆ ಸ್ಟೆಮ್ ಸೆಲ್ ಕೊಡುವುದಾದರೆ ಒಪ್ಪಿಗೆ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬೇಕು ಅಂತಲೂ ಅದರ 2017ರ ಮಾರ್ಗಸೂಚಿ ಹೇಳುತ್ತದೆ. ರಕ್ತದ ಕ್ಯಾನ್ಸರಿಗೆ ಮಾಡುವ ಅಸ್ಥಿಮಜ್ಜೆ ಕಸಿಯಲ್ಲೂ ಸ್ಟೆಮ್ ಸೆಲ್ಲೇ ಕೊಡುವುದು, ಆದರೆ ಅದರ ಮಾತೇ ಬೇರೆ, ಅದು ಸಾಬೀತಾದದ್ದು.

ನಿಜವಾದ ಪರೀಕ್ಷೆ ಹೇಗಿರುತ್ತೆ ಕೇಳಿ. ಅಮೆರಿಕದಲ್ಲಿ 62 ಸಿಒಪಿಡಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಿಂಗಳಿಗೊಂದರಂತೆ ನಾಲ್ಕು ಸಲ ದಾನಿಗಳ ಸ್ಟೆಮ್ ಸೆಲ್, ಇನ್ನೊಂದಕ್ಕೆ ಔಷಧವಿಲ್ಲದ ದ್ರವ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಎರಡು ವರ್ಷ ನೋಡಿದರು. 2013ರಲ್ಲಿ ಫಲಿತಾಂಶ ಬಂತು. ದೊಡ್ಡ ತೊಂದರೆ ಆಗಲಿಲ್ಲ. ಆದರೆ ಉಸಿರು ಊದಿಸಿ ಶ್ವಾಸಕೋಶದ ಶಕ್ತಿ ನೋಡುವ ಪರೀಕ್ಷೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ತೊಂದರೆ ಆಗಲಿಲ್ಲ ಅಂದರೆ ಗುಣ ಆಯಿತು ಅಂತ ಅಲ್ಲ, ಅಲ್ವಾ?

"ನಮ್ಮ ನೆಂಟರಿಗೆ ಹಾಕಿಸಿದ ಮೇಲೆ ಆರಾಮಾಯ್ತು" ಅನ್ನುತ್ತಾರೆ. ಆಗಿರಬಹುದು. ಈ ಕಾಯಿಲೆ ಒಂದೇ ಸಮ ಇರುವುದಿಲ್ಲ. ಮಾಗಿ ಚಳಿಯಲ್ಲಿ ಜಾಸ್ತಿಯಾಗಿ ಇಂಜೆಕ್ಷನ್ ತಗೊಂಡವರಿಗೆ ಯುಗಾದಿ ಹೊತ್ತಿಗೆ ಸುಮ್ನೆ ಇದ್ದಿದ್ದರೂ ಹಗುರಾಗುತ್ತಿತ್ತೇನೋ. ಅದಕ್ಕೇ ಎರಡನೇ ಗುಂಪು ಬೇಕು.

ಸ್ಟೆಮ್ ಸೆಲ್ ಮುಂದೆಂದೂ ಕೆಲಸ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ಟ್ರಯಲ್ ಅಂದವರ ಹತ್ತಿರ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. 2009ರಿಂದ ಅದು ಕಡ್ಡಾಯ. ಸಂಖ್ಯೆ ತೋರಿಸಿಯೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಯಜಮಾನರ ಕೈಗೆ ಅವರ ಔಷಧ ಎಳೆಯುವ ಪಂಪು (ಇನ್ಹೇಲರ್) ಕೊಟ್ಟು, ಹೇಗೆ ಎಳೀತೀರಿ ತೋರಿಸಿ ಅಂದೆ. ಒತ್ತಿದ ಔಷಧವೆಲ್ಲ ಬಾಯಲ್ಲೇ ಉಳಿಯುತ್ತಿತ್ತು! ಎರಡು ವರ್ಷದಿಂದ ಹಾಗೇ. ಪಂಪಿಗೆ ಸ್ಪೇಸರ್, ಅಂದರೆ ಔಷಧ ಒಳಗೆ ಎಳೆಯಲು ಅನುಕೂಲ ಮಾಡುವ ಟೊಳ್ಳು ಡಬ್ಬಿ, ಹಾಕಿ ಐದು ಸಲ ಕಲಿಸಿದೆ.

"ಹಂಗಾರೆ ಜಮೀನು ಮಾರೋದು ಬ್ಯಾಡ್ವಾ ಬುದ್ಧಿ?"

ಬೇಡ ಅಂದೆ. ಸೋಮವಾರ ಪಂಪು ತಗೊಂಡು ಮತ್ತೆ ಬರುತ್ತಾರೆ.