ಬಜೆಟ್‌ನ ಎರಡರಷ್ಟು ಗಳಿಸಿದ ಹಾಲಿವುಡ್ ಸಿನಿಮಾ ಫ್ಲಾಪ್ ಹೇಗಾಗುತ್ತದೆ?

ಪ್ರಶ್ನೆ: "20 ಕೋಟಿ ಡಾಲರ್ ಬಜೆಟ್‌ನ ಸಿನಿಮಾ ಪ್ರಪಂಚದಾದ್ಯಂತ 40 ಕೋಟಿ ಡಾಲರ್ ಗಳಿಸಿದೆ. ಹಾಕಿದ ದುಡ್ಡು ಎರಡರಷ್ಟಾಗಿದೆ. ಆದರೂ ಎಲ್ಲರೂ ಫ್ಲಾಪ್ ಅಂತಿದ್ದಾರಲ್ಲ, ಯಾಕೆ ಸರ್? ಬೇಕಂತಲೇ ತುಳಿಯುತ್ತಿದ್ದಾರಾ?"

ಉತ್ತರ: ದೊಡ್ಡ ಸಿನಿಮಾ ಬಂದಾಗೆಲ್ಲ ಈ ಪ್ರಶ್ನೆ ಬರುತ್ತದೆ, ಸಿನಿಮಾದ ಹೆಸರಷ್ಟೇ ಬೇರೆ. ತುಂಡು ತುಂಡಾಗಿ ಎಷ್ಟೋ ಸಲ ಉತ್ತರ ಕೊಟ್ಟಾಗಿದೆ. ಈ ಸಲ ಲೆಕ್ಕವನ್ನು ಪೂರ್ತಿ ಬಿಡಿಸಿ ಇಡುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಯಾರೂ ತುಳಿಯುತ್ತಿಲ್ಲ. ಆ 40 ಕೋಟಿ ಸ್ಟುಡಿಯೊ ಕೈಗೆ ಬಂದ ದುಡ್ಡಲ್ಲ, ಆ 20 ಕೋಟಿ ಸ್ಟುಡಿಯೊ ಮಾಡಿದ ಪೂರ್ತಿ ಖರ್ಚೂ ಅಲ್ಲ. ಎರಡೂ ಕಡೆಯ ಅಂಕಿಗಳು ಅರ್ಧಂಬರ್ಧ. ಅವುಗಳಲ್ಲಿ ಒಂದನ್ನು ಇನ್ನೊಂದರಿಂದ ಕಳೆದರೆ ಸಿಗುವುದು ಲಾಭವಲ್ಲ.

ಮೊದಲು ಗಳಿಕೆ. ಕನ್ನಡ ಸಿನಿಮಾ ವಿಷಯ ಬಂದಾಗ ಗ್ರಾಸ್ (ಟಿಕೆಟ್ ಮಾರಾಟದ ಒಟ್ಟು ಮೊತ್ತ) ಬೇರೆ, ನೆಟ್ (ತೆರಿಗೆ ಕಳೆದು ಉಳಿದದ್ದು) ಬೇರೆ, ಶೇರ್ (ವಿತರಕರ ಪಾಲು) ಬೇರೆ ಎಂದು ಪಟ್ಟು ಹಿಡಿದು ವಾದಿಸುವವರು ಹಾಲಿವುಡ್ ಅಂದ ಕೂಡಲೇ ಅದನ್ನೆಲ್ಲ ಮರೆತುಬಿಡುತ್ತಾರೆ. ಲೆಕ್ಕ ಅಲ್ಲೂ ಅದೇ. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಹಾಲಿವುಡ್ ಸಿನಿಮಾಕ್ಕೆ ತೆರಿಗೆ ಸೇರಿ 300 ರೂಪಾಯಿಯ ಟಿಕೆಟ್ ತೆಗೆದುಕೊಂಡಿರಿ ಎಂದಿಟ್ಟುಕೊಳ್ಳಿ. 100 ರೂಪಾಯಿ ದಾಟಿದ ಟಿಕೆಟ್‌ಗೆ ಜಿಎಸ್‌ಟಿ ಶೇ 18. ಅಲ್ಲಿಗೆ ಸುಮಾರು 46 ರೂಪಾಯಿ ಹೋಯಿತು, ಉಳಿದದ್ದು 254. ಮೊದಲ ವಾರ ಥಿಯೇಟರ್‌ಗೂ ವಿತರಕರಿಗೂ ಅರ್ಧರ್ಧ ಎಂದಾದರೆ ವಿತರಕರಿಗೆ 127. ವಾರ ಕಳೆದಂತೆ ಅವರ ಪಾಲು ಇಳಿಯುತ್ತದೆ. 2009ರಲ್ಲಿ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ಗಳಿಗೆ ಸಿನಿಮಾ ಕೊಡುವುದನ್ನೇ ನಿಲ್ಲಿಸಿ, ಕೊನೆಗೆ ಮಾಡಿಕೊಂಡ ಒಪ್ಪಂದದಲ್ಲಿ ಮೊದಲ ವಾರ ಶೇ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30 ಎಂದಿತ್ತು. ನಿಮ್ಮ ಟಿಕೆಟ್ 'ವರ್ಲ್ಡ್‌ವೈಡ್ ಕಲೆಕ್ಷನ್' ಅಂಕಿಗೆ ಸೇರುವುದು ಪೂರ್ತಿ 300 ಆಗಿ. ಸ್ಟುಡಿಯೊ ಕಡೆಗೆ ಹೊರಡುವುದು 127, ಅಂದರೆ ಶೇ 42.

ಅಮೆರಿಕ ಮತ್ತು ಕೆನಡಾವನ್ನು ಒಂದೇ ಮಾರುಕಟ್ಟೆಯಾಗಿ ಲೆಕ್ಕ ಹಾಕುತ್ತಾರೆ. ಅಲ್ಲಿ ಸ್ಟುಡಿಯೊ ಪಾಲು ಸಾಮಾನ್ಯವಾಗಿ ಶೇ 50ರಿಂದ 55, ಭಾರೀ ಸಿನಿಮಾಗಳಿಗೆ 60ರ ಆಚೀಚೆ. 2017ರ ಸ್ಟಾರ್ ವಾರ್ಸ್ ಚಿತ್ರಕ್ಕೆ ಡಿಸ್ನಿ ಶೇ 65 ಕೇಳಿದ್ದಲ್ಲದೆ, ನಾಲ್ಕು ವಾರ ದೊಡ್ಡ ಸ್ಕ್ರೀನಿನಿಂದ ತೆಗೆಯಬಾರದು ಎಂಬ ಷರತ್ತನ್ನೂ ಹಾಕಿತ್ತೆಂದು ವರದಿಯಾಗಿತ್ತು. ಉಳಿದ ದೇಶಗಳಿಂದ ಸರಾಸರಿ ಶೇ 40. ಚೀನಾದಿಂದ ಶೇ 25 ಮಾತ್ರ, ಅದೂ 2012ರ ಒಪ್ಪಂದದ ನಂತರ. ಅದಕ್ಕೂ ಮುಂಚೆ ಇನ್ನೂ ಕಡಿಮೆಯಿತ್ತು. (ಥಿಯೇಟರ್‌ನವರು ಪಾಪ್‌ಕಾರ್ನ್‌ಗೆ ಅಷ್ಟೊಂದು ಬೆಲೆ ಯಾಕಿಡುತ್ತಾರೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಟಿಕೆಟ್ ದುಡ್ಡನ್ನು ಹಂಚಿಕೊಳ್ಳಬೇಕು, ಪಾಪ್‌ಕಾರ್ನ್ ದುಡ್ಡನ್ನು ಯಾರಿಗೂ ಹಂಚಬೇಕಿಲ್ಲ.)

ಇನ್ನು ಖರ್ಚು. ಪತ್ರಿಕೆಗಳಲ್ಲಿ ಬರುವ 'ಬಜೆಟ್' ಅಂದರೆ ಸಿನಿಮಾ ತಯಾರಾಗಿ ಮೊದಲ ಪ್ರತಿ ಕೈಗೆ ಬರುವವರೆಗಿನ ಖರ್ಚು. ನೆಗೆಟಿವ್ ಕಾಸ್ಟ್ ಎನ್ನುತ್ತಾರೆ, ರೀಲಿನ ಕಾಲದ ಹೆಸರು. ಪ್ರಚಾರ ಇದರಲ್ಲಿ ಸೇರಿಲ್ಲ. ದೊಡ್ಡ ಸಿನಿಮಾ ಒಂದನ್ನು ಜಗತ್ತಿನಾದ್ಯಂತ ಬಿಡುಗಡೆ ಮಾಡಲು ಪ್ರಚಾರಕ್ಕೇ 10ರಿಂದ 15 ಕೋಟಿ ಡಾಲರ್ ಬೇಕು. ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ 30 ಸೆಕೆಂಡಿನ ಒಂದೇ ಒಂದು ಜಾಹೀರಾತಿಗೆ 2024ರಲ್ಲಿ ಸುಮಾರು 70 ಲಕ್ಷ ಡಾಲರ್ ದರವಿತ್ತು. ಟ್ರೇಲರ್, ಟಿವಿ, ಹೋರ್ಡಿಂಗ್, ತಾರೆಯರನ್ನು ಊರೂರು ಸುತ್ತಿಸುವುದು, ಹತ್ತಾರು ಭಾಷೆಗಳ ಡಬ್ಬಿಂಗ್ ಎಲ್ಲ ಸೇರಿದರೆ ದುಡ್ಡು ಎಲ್ಲಿ ಹೋಗುತ್ತದೆಂದು ಅರ್ಥವಾಗುತ್ತದೆ.

ಈಗ ನಿಮ್ಮ ಸಿನಿಮಾಕ್ಕೇ ಬರೋಣ. 40 ಕೋಟಿಯಲ್ಲಿ 15 ಅಮೆರಿಕದ್ದು, 5 ಚೀನಾದ್ದು, ಉಳಿದ 20 ಬೇರೆ ದೇಶಗಳದ್ದು ಎನ್ನಿ. ಸ್ಟುಡಿಯೊಗೆ ಅಮೆರಿಕದಿಂದ 8.25, ಚೀನಾದಿಂದ 1.25, ಉಳಿದೆಡೆಯಿಂದ 8. ಒಟ್ಟು 17.5 ಕೋಟಿ. ಖರ್ಚು 20, ಅದರ ಮೇಲೆ ಪ್ರಚಾರ 12, ಒಟ್ಟು 32 ಕೋಟಿ. ಥಿಯೇಟರ್ ಓಟ ಮುಗಿದಾಗ 14.5 ಕೋಟಿ ಕೊರತೆ. ಆಮೇಲೆ ಡಿಜಿಟಲ್ ಬಾಡಿಗೆ, ಓಟಿಟಿ, ಟಿವಿ ಹಕ್ಕುಗಳಿಂದ ಸ್ವಲ್ಪ ಬರುತ್ತದೆ. ಮನೆಯಲ್ಲೇ ದುಬಾರಿ ಬಾಡಿಗೆ ಕೊಟ್ಟು ನೋಡುವ ಹೊಸ ಸಿನಿಮಾದ ದುಡ್ಡಿನಲ್ಲಿ ಸ್ಟುಡಿಯೊಗೆ ಹತ್ತಿರಹತ್ತಿರ ಶೇ 80 ಸಿಗುವುದರಿಂದ ಅದು ಒಳ್ಳೆಯ ಆದಾಯವೇ. ಆದರೆ ಥಿಯೇಟರ್‌ನಲ್ಲಿ ಯಾರೂ ಮಾತಾಡದ ಸಿನಿಮಾಕ್ಕೆ ಅಲ್ಲೂ ಬೆಲೆ ಏರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಹಾಗಾದರೆ ಬಜೆಟ್‌ನ ಎರಡೂವರೆ ಪಟ್ಟು ಬಂದರೆ ಹಿಟ್, ಅಲ್ವಾ?" ಈ ಎರಡೂವರೆ ಪಟ್ಟು ಎಲ್ಲಿಂದ ಬಂತು ನೋಡಿ. ಸರಾಸರಿ ಪಾಲು ಶೇ 45 ಎಂದುಕೊಂಡರೆ 20 ಕೋಟಿಯ ಸಿನಿಮಾ 50 ಕೋಟಿ ಗಳಿಸಿದಾಗ ಸ್ಟುಡಿಯೊಗೆ 22.5 ಕೋಟಿ. ಸಿನಿಮಾ ಮಾಡಿದ ಖರ್ಚಂತೂ ಹುಟ್ಟಿತು, ಪ್ರಚಾರದ ಖರ್ಚನ್ನು ಓಟಿಟಿ, ಟಿವಿ ನೋಡಿಕೊಳ್ಳುತ್ತವೆ ಎಂಬುದು ಇದರ ಹಿಂದಿನ ಎಣಿಕೆ. ಇದು ಕಣ್ಣಂದಾಜು, ಅಷ್ಟೆ. ಕಲೆಕ್ಷನ್ ಯಾವ ದೇಶದಿಂದ ಬಂತು ಎನ್ನುವುದನ್ನು ಬಿಟ್ಟು ಈ ಅಂದಾಜನ್ನು ನೆಚ್ಚಿಕೊಂಡರೆ ಎಡವುತ್ತೀರಿ.

2016ರ ವಾರ್‌ಕ್ರಾಫ್ಟ್ ನೋಡಿ. ಬಜೆಟ್ 16 ಕೋಟಿ ಡಾಲರ್, ಒಟ್ಟು ಗಳಿಕೆ ಸುಮಾರು 44 ಕೋಟಿ. ಎರಡೂ ಮುಕ್ಕಾಲು ಪಟ್ಟಿನ ಹತ್ತಿರ! ಎರಡೂವರೆಯ ಗೆರೆಯನ್ನು ಆರಾಮಾಗಿ ದಾಟಿದೆ. ಒಳಗೆ ಇಣುಕಿ. ಅಮೆರಿಕ-ಕೆನಡಾದಲ್ಲಿ ಬಂದದ್ದು ಬರೀ 4.7 ಕೋಟಿ, ಚೀನಾ ಒಂದರಲ್ಲೇ 21 ಕೋಟಿಗೂ ಹೆಚ್ಚು. ಪಾಲು ಹಾಕಿ: ಅಮೆರಿಕದಿಂದ 2.4, ಚೀನಾದಿಂದ 5.3, ಉಳಿದ 18 ಕೋಟಿಯಿಂದ 7.2. ಒಟ್ಟು 15 ಕೋಟಿಗೆ ಒಂದಿಷ್ಟು ಕಡಿಮೆ. ಪ್ರಚಾರದ ಮಾತು ಹಾಗಿರಲಿ, ಸಿನಿಮಾ ಮಾಡಿದ ಖರ್ಚೇ ಥಿಯೇಟರ್‌ಗಳಿಂದ ಹುಟ್ಟಲಿಲ್ಲ. ಅಷ್ಟು ಗಳಿಸಿಯೂ ಎರಡನೇ ಭಾಗ ಯಾಕೆ ಬರಲಿಲ್ಲ ಎಂದು ಕೇಳುವವರಿಗೂ ಇದೇ ಉತ್ತರ.

ಚಿಕ್ಕ ಸಿನಿಮಾದಲ್ಲಿ ಈ ಅಂದಾಜು ಇನ್ನೊಂದು ಬಗೆಯಲ್ಲಿ ಕೆಡುತ್ತದೆ. 45 ಲಕ್ಷ ಡಾಲರ್‌ನಲ್ಲಿ ಮಾಡಿದ ಹಾರರ್ ಚಿತ್ರವನ್ನು ಸಾವಿರಾರು ಸ್ಕ್ರೀನ್‌ಗಳಿಗೆ ತಲುಪಿಸಲು ಪ್ರಚಾರಕ್ಕೆ ಬಜೆಟ್‌ನ ಹಲವು ಪಟ್ಟು ಬೇಕು. ಎರಡೂವರೆ ಪಟ್ಟು, ಅಂದರೆ 1.1 ಕೋಟಿ ಗಳಿಸಿದರೆ ಅದು ಮುಳುಗಿದಂತೆಯೇ. 2017ರ ಗೆಟ್ ಔಟ್ ಇದೇ 45 ಲಕ್ಷದಲ್ಲಿ ತಯಾರಾಗಿ 25 ಕೋಟಿ ದಾಟಿತು. ಅಂಥ ಗೆಲುವು ಅಪರೂಪ. ಆದರೆ ಅಲ್ಲಿನ ಲೆಕ್ಕಾಚಾರ ನನಗೆ ತುಂಬ ಇಷ್ಟ. ಕಡಿಮೆ ಖರ್ಚಿನ ಹತ್ತು ಚಿತ್ರಗಳಲ್ಲಿ ಒಂದು ಹೀಗೆ ಎದ್ದರೆ ಉಳಿದ ಒಂಬತ್ತರ ಸಾಲ ತೀರುತ್ತದೆ. 25 ಕೋಟಿಯ ಚಿತ್ರಗಳನ್ನೇ ಸಾಲಾಗಿ ಮಾಡುವವರಿಗೆ ಆ ಅವಕಾಶವಿಲ್ಲ.

ಬಹಳಷ್ಟು ದೊಡ್ಡ ಸಿನಿಮಾಗಳು ಸೋಲುವುದು ಬಿಡುಗಡೆಯ ಶುಕ್ರವಾರವಲ್ಲ, ಬಜೆಟ್‌ಗೆ ಸಹಿ ಬಿದ್ದ ದಿನ. ಸ್ಟಾರ್ ವಾರ್ಸ್ ಸರಣಿಯ 2018ರ ಸೋಲೊ ಚಿತ್ರ ಜಗತ್ತಿನಾದ್ಯಂತ 39 ಕೋಟಿ ಡಾಲರ್ ಗಳಿಸಿತು. ಕೆಟ್ಟ ಅಂಕಿಯೇನಲ್ಲ. ಆದರೆ ಚಿತ್ರೀಕರಣದ ನಡುವೆ ನಿರ್ದೇಶಕರನ್ನು ಬದಲಾಯಿಸಿ, ಬಹುಪಾಲನ್ನು ಮತ್ತೆ ಚಿತ್ರೀಕರಿಸಿದ್ದರಿಂದ ಖರ್ಚು 25 ಕೋಟಿ ದಾಟಿತ್ತು. ಹಿಂದಿನ ಸ್ಟಾರ್ ವಾರ್ಸ್ ಚಿತ್ರ ಬಂದು ಐದೇ ತಿಂಗಳಾಗಿತ್ತು. ಅದೇ ಸಿನಿಮಾ 10 ಕೋಟಿಯಲ್ಲಿ ಮುಗಿದಿದ್ದರೆ ಅದೇ 39 ಕೋಟಿಯನ್ನು ಗೆಲುವು ಎಂದು ಕರೆಯುತ್ತಿದ್ದರು. ಕಥೆ ಸಿದ್ಧವಾಗುವ ಮುಂಚೆಯೇ ಬಿಡುಗಡೆಯ ದಿನಾಂಕ ಘೋಷಿಸುವುದು, ಆ ದಿನಾಂಕಕ್ಕಾಗಿ ಗ್ರಾಫಿಕ್ಸ್ ಕಂಪನಿಗಳನ್ನು ಹಗಲೂ ರಾತ್ರಿ ದುಡಿಸುವುದು, ಕೊನೆಗೆ ಕ್ಲೈಮ್ಯಾಕ್ಸ್ ಅನ್ನೇ ಮತ್ತೊಮ್ಮೆ ಚಿತ್ರೀಕರಿಸುವುದು, ದುಡ್ಡು ಸೋರುವುದು ಇಲ್ಲೇ. ನಾಯಕನ ಸಂಭಾವನೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ ಸೋರಿಕೆಯ ಬಗ್ಗೆ ಮಾತಾಡುವವರು ಕಡಿಮೆ.

ಹಾಗಾದರೆ ಸಿನಿಮಾ ನಿಂತಿತೋ ಬಿತ್ತೋ ಎಂದು ನೋಡುವುದು ಹೇಗೆ? ಮೊದಲ ವಾರಾಂತ್ಯದ ಅಂಕಿಯನ್ನು ಬರೆದಿಟ್ಟುಕೊಳ್ಳಿ (ಗುರುವಾರದ ಪ್ರೀವ್ಯೂ ಶೋಗಳ ದುಡ್ಡನ್ನೂ ಶುಕ್ರವಾರಕ್ಕೇ ಸೇರಿಸುತ್ತಾರೆ, ಮರೆಯಬೇಡಿ). ಅದರಲ್ಲಿ ಕಾಣುವುದು ಪ್ರಚಾರದ ಬಲ. ಸಿನಿಮಾದ ಬಲ ಗೊತ್ತಾಗುವುದು ಎರಡನೇ ವಾರಾಂತ್ಯ ಎಷ್ಟು ಇಳಿಯಿತು ಎನ್ನುವುದರಲ್ಲಿ. ಸರಣಿ ಚಿತ್ರಗಳು ಶೇ 50ರಿಂದ 60 ಇಳಿಯುವುದು ಮಾಮೂಲು. 40ರೊಳಗೆ ನಿಂತರೆ ಜನ ಮೆಚ್ಚಿ ಪಕ್ಕದ ಮನೆಯವರಿಗೂ ಹೇಳಿದ್ದಾರೆ ಎಂದರ್ಥ. 65 ದಾಟಿದರೆ ಅಭಿಮಾನಿಗಳು ನೋಡಿ ಮುಗಿಸಿದರು, ಮಿಕ್ಕವರು ಬರಲಿಲ್ಲ. 2016ರ ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್ ಅಮೆರಿಕದಲ್ಲಿ ಮೊದಲ ವಾರಾಂತ್ಯ 16.6 ಕೋಟಿ ಗಳಿಸಿ, ಎರಡನೆಯದರಲ್ಲಿ ಶೇ 69 ಕುಸಿಯಿತು. ಕೊನೆಗೆ ನಿಂತದ್ದು 33 ಕೋಟಿಗೆ, ಆರಂಭದ ಎರಡು ಪಟ್ಟು. ಮೂರು ಪಟ್ಟು ಬಂದರೆ ಚೆನ್ನಾಗಿ ಓಡಿತು ಎನ್ನುತ್ತಾರೆ. ಅದರ ಮರುವರ್ಷ ದಿ ಗ್ರೇಟೆಸ್ಟ್ ಶೋಮನ್ ಮೊದಲ ವಾರಾಂತ್ಯ 88 ಲಕ್ಷ ಡಾಲರ್ ಗಳಿಸಿದಾಗ ಎಲ್ಲರೂ ಕೈಬಿಟ್ಟಿದ್ದರು. ಎರಡನೇ ವಾರಾಂತ್ಯ ಇಳಿಯುವ ಬದಲು ಶೇ 70ಕ್ಕೂ ಹೆಚ್ಚು ಏರಿತು. ಹಾಡುಗಳು ಬಾಯಿಂದ ಬಾಯಿಗೆ ಹರಡಿ ಅಮೆರಿಕದಲ್ಲೇ 17.4 ಕೋಟಿ ಮುಟ್ಟಿತು, ಹತ್ತಿರಹತ್ತಿರ ಇಪ್ಪತ್ತು ಪಟ್ಟು. 1997ರ ಟೈಟಾನಿಕ್ 2.86 ಕೋಟಿಯಲ್ಲಿ ಶುರುವಾಗಿ 60 ಕೋಟಿಗೆ ಹೋದ ಹಾಗೆ.

ಗುಣಮಟ್ಟದ ಮಾತನ್ನು ಇದರೊಳಗೆ ಬೆರೆಸಬೇಡಿ. ದಿ ಶಾಶ್ಯಾಂಕ್ ರಿಡೆಂಪ್ಷನ್ 1994ರಲ್ಲಿ 2.5 ಕೋಟಿಯಲ್ಲಿ ತಯಾರಾಗಿ ಮೊದಲ ಓಟದಲ್ಲಿ 1.6 ಕೋಟಿ ಗಳಿಸಿತು. ಆಗ ಫ್ಲಾಪ್. ವಿಡಿಯೊ ಕ್ಯಾಸೆಟ್‌ನಲ್ಲಿ, ಟಿವಿಯಲ್ಲಿ ನೋಡಿದವರು ಅದನ್ನು ಇಂದಿಗೂ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಎರಡೂ ನಿಜ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಸ್ಟುಡಿಯೊ 'ನಷ್ಟ' ಎಂದಾಗ ಅದು ಯಾರಿಗೆ ತೋರಿಸುವ ಲೆಕ್ಕ ಎಂದು ನೋಡಿ. ಲೆಕ್ಕ ಎರಡಿವೆ. ಒಂದು ಷೇರುದಾರರಿಗೆ. 2012ರ ಮಾರ್ಚ್ 9ರಂದು ಜಾನ್ ಕಾರ್ಟರ್ ಬಿಡುಗಡೆಯಾಯಿತು. ಖರ್ಚು 25 ಕೋಟಿಗೂ ಹೆಚ್ಚು. ಸಿನಿಮಾ ಇನ್ನೂ ಓಡುತ್ತಿರುವಾಗಲೇ, ಹತ್ತೇ ದಿನಕ್ಕೆ, ಸುಮಾರು 20 ಕೋಟಿ ಡಾಲರ್ ನಷ್ಟವಾಗಲಿದೆ ಎಂದು ಡಿಸ್ನಿ ಪ್ರಕಟಿಸಿತು. ಒಂದು ಸಿನಿಮಾ ಮುಂದಿನ ವರ್ಷಗಳಲ್ಲಿ ಒಟ್ಟು ಎಷ್ಟು ತರಬಹುದೆಂದು ಅಂದಾಜಿಸಿ, ಆ ಅಂದಾಜು ಬಿದ್ದುಹೋದರೆ ಕೂಡಲೇ ಪುಸ್ತಕದಲ್ಲಿ ಬೆಲೆ ಇಳಿಸಬೇಕೆಂಬುದು ಲೆಕ್ಕಪತ್ರದ ನಿಯಮ. ಈ ಲೆಕ್ಕವನ್ನು ನಂಬಬಹುದು.

ಇನ್ನೊಂದು ಲೆಕ್ಕ ಲಾಭದಲ್ಲಿ ಪಾಲು ಕೊಡುತ್ತೇವೆಂದು ಮಾತು ಕೊಟ್ಟವರಿಗೆ ತೋರಿಸುವುದು. ಇಲ್ಲಿ ಸ್ಟುಡಿಯೊ ತನ್ನದೇ ವಿತರಣಾ ವಿಭಾಗಕ್ಕೆ ಕೊಡಬೇಕಾದ ಶುಲ್ಕವೆಂದು ಗಳಿಕೆಯ ಶೇ 30ರಷ್ಟನ್ನು ಸಿನಿಮಾದ ಖರ್ಚಿಗೆ ಹಾಕುತ್ತದೆ. ಕಚೇರಿ ಖರ್ಚು ಎಂದು ಒಂದಿಷ್ಟು, ತಾನೇ ಹಾಕಿದ ಬಂಡವಾಳಕ್ಕೆ ಬಡ್ಡಿ ಎಂದು ಇನ್ನೊಂದಿಷ್ಟು. 2010ರಲ್ಲಿ ಹೊರಬಿದ್ದ ಅಂಥದೊಂದು ಲೆಕ್ಕಪತ್ರದ ಪ್ರಕಾರ, 90 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ್ದ ಐದನೇ ಹ್ಯಾರಿ ಪಾಟರ್ ಚಿತ್ರ 16.7 ಕೋಟಿ ನಷ್ಟದಲ್ಲಿತ್ತು! ಇದಕ್ಕೇ ತಿಳಿದವರು ನಿವ್ವಳ ಲಾಭದಲ್ಲಿ ಪಾಲು ಕೇಳುವುದಿಲ್ಲ, ಗ್ರಾಸ್‌ನಲ್ಲೇ ಕೇಳುತ್ತಾರೆ. ಅದು ಸಿಗುವುದು ಬೆರಳೆಣಿಕೆಯ ತಾರೆಯರಿಗೆ ಮತ್ತು ನಿರ್ದೇಶಕರಿಗೆ.

ಬರಹಗಾರರಿಗೆ ಸಿಗುವುದು ನಿವ್ವಳದ ಪಾಲು. ಹಾಸ್ಯ ಲೇಖಕ ಆರ್ಟ್ ಬುಕ್ವಾಲ್ಡ್ ಕೆಲವೇ ಪುಟಗಳ ಕಥೆಯೊಂದನ್ನು ಪ್ಯಾರಾಮೌಂಟ್‌ಗೆ ಮಾರಿದ್ದರು. 1988ರ ಕಮಿಂಗ್ ಟು ಅಮೆರಿಕ ತಮ್ಮ ಕಥೆಯನ್ನು ಆಧರಿಸಿದ್ದು ಎಂದು, ನಿರ್ಮಾಪಕ ಅಲೆನ್ ಬರ್ನ್‌ಹೈಮ್ ಜೊತೆ ಕೋರ್ಟಿಗೆ ಹೋದರು. ಸಿನಿಮಾ 28 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತ್ತು, ನಿವ್ವಳ ಲಾಭವೇ ಬಂದಿಲ್ಲ ಎಂದು ಸ್ಟುಡಿಯೊ ವಾದಿಸಿತು. ಕರಾರಿನ ಆ ಲೆಕ್ಕದ ಕೆಲವು ಷರತ್ತುಗಳು ನ್ಯಾಯಸಮ್ಮತವಲ್ಲ ಎಂದು ನ್ಯಾಯಾಧೀಶರು 1990ರಲ್ಲಿ ಹೇಳಿದರು. 1992ರಲ್ಲಿ ಬುಕ್ವಾಲ್ಡ್ ಅವರಿಗೆ 1.5 ಲಕ್ಷ ಡಾಲರ್, ಬರ್ನ್‌ಹೈಮ್ ಅವರಿಗೆ 7.5 ಲಕ್ಷ ಡಾಲರ್ ಕೊಡಬೇಕೆಂದು ಆದೇಶವಾಯಿತು.